ಓಲ್ಡ್ ಮೈನ್ ಅಂದ್ರೆ ಯಾವ ಊರಿನದ್ದು?

ಈ ಸಲ ಬಂದ ಪತ್ರಗಳಲ್ಲಿ ಬದಿಯಡ್ಕದ ಒಬ್ಬ ತಾಯಿಯ ಪ್ರಶ್ನೆ ಮೊದಲು ಕಣ್ಣಿಗೆ ಬಿತ್ತು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಹಳೇ ಕಟ್ಟಿನಲ್ಲಿದ್ದ ಇನ್ನೂ ಕೆಲವು ಪತ್ರಗಳೂ ಇದೇ ಜಾತಿಯವು ಅಂತ ಗೊತ್ತಾಯಿತು. ಹಾಗಾಗಿ ಈ ತಿಂಗಳು ತೆಂಗಿನ ಗೊನೆ ಉದುರುವ ಪ್ರಶ್ನೆಗಳಿಗೆ ರಜೆ. ಕಾಲೇಜು, ಸೆಮಿನರಿ, ಕಟ್ಟಡ, ಹೆಸರು, ಇಷ್ಟೇ.

ಪ್ರಶ್ನೆ: ಮಗಳು ಅಮೆರಿಕಕ್ಕೆ ಓದಲು ಹೋಗುವ ತಯಾರಿಯಲ್ಲಿದ್ದಾಳೆ. ನಾಲ್ಕೈದು ಕಾಲೇಜುಗಳ ಫೋಟೋ ತೋರಿಸಿದಳು. ಒಂದರಲ್ಲಿ ಗೋಪುರ ಇರುವ ದೊಡ್ಡ ಕಟ್ಟಡ, ಕೆಳಗೆ ‘ಓಲ್ಡ್ ಮೈನ್’ ಅಂತ ಬರೆದಿದೆ. ಬೇರೆ ರಾಜ್ಯದ ಬೇರೆ ಕಾಲೇಜಿನಲ್ಲೂ ‘ಓಲ್ಡ್ ಮೈನ್’. ಮೂರನೆಯದರಲ್ಲೂ ಅದೇ. ಇವೆಲ್ಲ ಒಂದೇ ಸಂಸ್ಥೆಯ ಬ್ರಾಂಚುಗಳಾ? ಅಲ್ಲ, ಏಜೆಂಟ್ ನಮ್ಮನ್ನು ಮಂಗ ಮಾಡುತ್ತಿದ್ದಾನಾ? (ಬದಿಯಡ್ಕದಿಂದ ಒಬ್ಬ ತಾಯಿ)

ಉತ್ತರ: ಮಂಗ ಮಾಡುತ್ತಿಲ್ಲ ಅಕ್ಕಾ, ಈ ವಿಷಯದಲ್ಲಂತೂ ಇಲ್ಲ. ಫೀಸಿನ ವಿಷಯ ನೀವೇ ನೋಡಿಕೊಳ್ಳಿ.

ಮೊದಲು ಕಾಸರಗೋಡಿಗೇ ಬನ್ನಿ. ಪೇಟೆಯಲ್ಲಿ ಸಿಗೋಣ ಅಂತ ಯಾರಾದರೂ ಹೇಳಿದರೆ ನಾವು ತಿರುಗಿ ಕೇಳುವುದೇನು? ‘ಹಳೇ ಬಸ್‌ಸ್ಟ್ಯಾಂಡಾ, ಹೊಸ ಬಸ್‌ಸ್ಟ್ಯಾಂಡಾ?’ ಹೊಸದು ಆಗುವ ತನಕ ಹಳೆಯದಕ್ಕೆ ‘ಹಳೇ’ ಅನ್ನುವ ಹೆಸರೇ ಇರಲಿಲ್ಲ ಅಲ್ವಾ? ಅದು ಬರೀ ಬಸ್‌ಸ್ಟ್ಯಾಂಡು. ಆಚೆ ಇನ್ನೊಂದು ಎದ್ದ ದಿನ ಇದು ತಾನಾಗಿಯೇ ಮುದಿಯಾಯಿತು. ಯಾರೂ ನಾಮಕರಣ ಮಾಡಲಿಲ್ಲ, ಬೋರ್ಡೂ ಹಾಕಲಿಲ್ಲ.

ಓಲ್ಡ್ ಮೈನ್ ಕಥೆಯೂ ಇಷ್ಟೇ. ಸುಮಾರು ನೂರೈವತ್ತು ವರ್ಷದ ಹಿಂದೆ ಅಮೆರಿಕದ ಹಳ್ಳಿ ಮೂಲೆಗಳಲ್ಲಿ ಕಾಲೇಜು ಕಟ್ಟುವವರ ಹತ್ತಿರ ದುಡ್ಡು ಇರುತ್ತಿದ್ದದ್ದು ಒಂದೇ ಒಂದು ಕಟ್ಟಡಕ್ಕೆ. ಆ ಒಂದರೊಳಗೇ ಪಾಠದ ಕೋಣೆ, ಪ್ರಾರ್ಥನೆಯ ಹಾಲ್, ಲೈಬ್ರರಿ, ಹುಡುಗರು ಮಲಗುವ ಜಾಗ, ಅಡಿಗೆ, ಊಟ, ಕೆಲವು ಕಡೆ ಪ್ರಿನ್ಸಿಪಾಲರ ಸಂಸಾರ ಕೂಡಾ. ನಮ್ಮ ಕಡೆಯ ಹಳೇ ಕೂಡುಕುಟುಂಬದ ಮನೆ ಇದ್ದ ಹಾಗೆ, ಬತ್ತದ ಕಣಜ ಒಂದು ಬದಿ, ಬಾಣಂತಿ ಕೋಣೆ ಇನ್ನೊಂದು ಬದಿ. ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜಿನಲ್ಲಿ 1865ರಲ್ಲಿ ಶುರುವಾದ ಅಂಥ ಕಟ್ಟಡ ಈಗಲೂ ಉಂಟು, ಅದನ್ನು ಸುಮ್ನೆ ‘ಮೈನ್’ ಅನ್ನುತ್ತಾರೆ. ಕಾಲೇಜು ಬೆಳೆದು ಪಕ್ಕದಲ್ಲಿ ವಿಜ್ಞಾನದ ಕಟ್ಟಡ ಬಂತು, ಹಾಸ್ಟೆಲ್ ಬಂತು, ಆಗ ಮೊದಲನೆಯದು ‘ಮೈನ್ ಬಿಲ್ಡಿಂಗ್’ ಆಯಿತು. ಇನ್ನೂ ಬೆಳೆದು ಆಫೀಸು ಗೀಫೀಸು ಎಲ್ಲ ಬೇರೆಡೆಗೆ ಹೋದಾಗ ‘ಓಲ್ಡ್ ಮೈನ್’ ಆಯಿತು. ಒಂದು ಕಾಲೇಜಿನವರು ಇನ್ನೊಂದನ್ನು ನೋಡಿ ನಕಲು ಮಾಡಬೇಕಾದ ಅಗತ್ಯವೇ ಇರಲಿಲ್ಲ. ಒಂದೇ ಥರದ ಮನೆ, ಒಂದೇ ಥರ ಬೆಳೆಯಿತು, ಒಂದೇ ಥರದ ಹೆಸರು ಬಿತ್ತು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು, ಭಾಷೆ ಬೇರೆಯಾದರೂ ಈ ಹೆಸರು ಬದಲಾಗದೆ ಇದ್ದದ್ದು. ಇಲಿನಾಯ್ ರಾಜ್ಯದ ರಾಕ್ ಐಲೆಂಡ್‌ನಲ್ಲಿ ಆಗಸ್ಟಾನಾ ಅಂತ ಒಂದು ಕಾಲೇಜು. ಸ್ವೀಡನ್ನಿನಿಂದ ವಲಸೆ ಬಂದ ಲೂಥರನ್ನರು, ಅಂದರೆ ಪ್ರೊಟೆಸ್ಟಂಟರ ಒಂದು ಪಂಗಡದವರು ಕಟ್ಟಿದ್ದು, ಆಗ ಕಾಲೇಜೂ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯೂ ಒಟ್ಟಿಗೇ ಇತ್ತು. ಅಲ್ಲೂ ಓಲ್ಡ್ ಮೈನ್. ಮಿನಿಯಾಪೊಲಿಸ್‌ನ ಆಗ್ಸ್‌ಬರ್ಗ್ ಸೆಮಿನರಿ ನಾರ್ವೆಯವರದ್ದು, ಅಲ್ಲೂ ಓಲ್ಡ್ ಮೈನ್. ಮಿಶಿಗನ್‌ನ ಹ್ಯಾನ್‌ಕಾಕ್ ಎನ್ನುವ ಗಣಿ ಊರಿನಲ್ಲಿ ಫಿನ್ಲೆಂಡಿನವರು ತಮ್ಮ ಸುವೋಮಿ ಕಾಲೇಜಿಗೆ 1900ರಲ್ಲಿ ಅಲ್ಲಿಯದ್ದೇ ಕೆಂಪು ಮರಳುಗಲ್ಲಿನಲ್ಲಿ ಕಟ್ಟಡ ಎಬ್ಬಿಸಿದರು, ಅದಕ್ಕೂ ಓಲ್ಡ್ ಮೈನ್ ಎಂದೇ ಹೆಸರು ಬಿತ್ತು. ಮನೆಯಲ್ಲಿ ಒಂದು ಭಾಷೆ, ಪ್ರಾರ್ಥನೆಗೆ ಒಂದು, ಪೇಟೆಯಲ್ಲಿ ಇನ್ನೊಂದು, ಇದೆಲ್ಲ ನಮಗೆ ಹೊಸತೇ? ನಮ್ಮಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುವವರೆಲ್ಲ ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡ್ ಅಂತಲೇ ಹೇಳುತ್ತೇವಲ್ಲ, ಅದೇ ಲೆಕ್ಕ. ಆ ಸುವೋಮಿ ಕಾಲೇಜು ಮುಂದೆ ಫಿನ್ಲಾಂಡಿಯಾ ಯೂನಿವರ್ಸಿಟಿ ಅಂತ ಹೆಸರು ಬದಲಿಸಿಕೊಂಡು 2023ರಲ್ಲಿ ಬಾಗಿಲು ಹಾಕಿತು.

ಮಗಳಿಗೆ ಒಂದು ಮಾತು ಹೇಳಿ. ಅಲ್ಲಿ ಯಾರಾದರೂ ‘ಓಲ್ಡ್ ಮೈನ್ ಹತ್ತಿರ ಸಿಗೋಣ’ ಅಂದರೆ ಊರಿನ ಹೆಸರು ಕೇಳುವುದು ಬೇಡ, ಆ ಕಾಲೇಜಿನವರಿಗೆ ಲೋಕದಲ್ಲಿ ಇರುವುದೇ ಒಂದು ಓಲ್ಡ್ ಮೈನ್.

ಪ್ರಶ್ನೆ: ಹೆಸರು ಒಂದೇ ಇರಲಿ, ಕಟ್ಟಡಗಳೂ ಒಂದೇ ಥರ ಕಾಣುತ್ತವಲ್ಲ? ಅವುಗಳಲ್ಲಿ ನೋಡಲೇಬೇಕಾದ್ದು ಯಾವುದು? (ಕುಂಬಳೆಯ ಬಿ.ಎ. ವಿದ್ಯಾರ್ಥಿ)

ಉತ್ತರ: ಒಂದೇ ಥರ ಕಾಣುವುದಕ್ಕೆ ಕೆಲವು ಕಡೆ ಸರಿಯಾದ ಕಾರಣವೇ ಇದೆ. ಆರ್ಕನ್ಸಾ ಯೂನಿವರ್ಸಿಟಿಯ ಓಲ್ಡ್ ಮೈನ್ 1875ರಲ್ಲಿ ಮುಗಿದದ್ದು, ಎರಡು ಗೋಪುರ. ಅದರ ನಕ್ಷೆ ಇಲಿನಾಯ್ ಯೂನಿವರ್ಸಿಟಿಯಲ್ಲಿದ್ದ ಒಂದು ಕಟ್ಟಡದ್ದೇ. ಮೂಲದ ಆ ಕಟ್ಟಡವನ್ನು 1938ರಲ್ಲಿ ಕೆಡವಿದರು. ಅಂದರೆ ಅಕ್ಕ ಹೋದಳು, ತಂಗಿ ಇನ್ನೂ ನಿಂತಿದ್ದಾಳೆ. ತಂಗಿಯ ಎರಡು ಗೋಪುರಗಳಲ್ಲಿ ಉತ್ತರದ್ದು ದಕ್ಷಿಣದ್ದಕ್ಕಿಂತ ಎತ್ತರ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಉತ್ತರದವರು ಗೆದ್ದದ್ದಕ್ಕೆ ಹಾಗೆ ಮಾಡಿದರು ಅಂತ ಅಲ್ಲಿಯ ಹುಡುಗರು ಕಥೆ ಕಟ್ಟಿದ್ದಾರೆ. ನಕ್ಷೆಯೇ ಹೊರಗಿನಿಂದ ಬಂದದ್ದು, ನೀವು ಆ ಕಥೆಯನ್ನು ಕಥೆಯಾಗಿಯೇ ಕೇಳಿ.

ನನ್ನನ್ನು ಕೇಳಿದರೆ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಊರಿನ ನಾಕ್ಸ್ ಕಾಲೇಜಿನ ಓಲ್ಡ್ ಮೈನ್ ನೋಡಬೇಕು. 1858ರ ಅಕ್ಟೋಬರ್ 7. ಅಬ್ರಹಾಂ ಲಿಂಕನ್, ಸ್ಟೀಫನ್ ಡಗ್ಲಸ್ ಇಬ್ಬರೂ ಸೆನೆಟ್ ಸೀಟಿಗಾಗಿ ಏಳು ಊರುಗಳಲ್ಲಿ ಎದುರೆದುರು ವಾದಿಸಿದರಲ್ಲ, ಅದರಲ್ಲಿ ಐದನೆಯದು ಇಲ್ಲಿ. ಗಾಳಿಯೋ ಗಾಳಿ. ಹಾಗಾಗಿ ವೇದಿಕೆಯನ್ನು ಕಟ್ಟಡದ ಗೋಡೆಗೆ ತಾಗಿಸಿ ಕಟ್ಟಿದರು. ಕಟ್ಟಿದ ಮೇಲೆ ನೋಡಿದರೆ ಬಾಗಿಲಿಗೇ ವೇದಿಕೆ ಅಡ್ಡ. ಇನ್ನೇನು ಮಾಡುವುದು, ಇಬ್ಬರೂ ಒಳಗಿನಿಂದ ಕಿಟಕಿ ದಾಟಿ ವೇದಿಕೆಗೆ ಇಳಿಯಬೇಕಾಯಿತು. ಡಗ್ಲಸ್ ಕುಳ್ಳ, ಲಿಂಕನ್ ಉದ್ದ. ಆ ಉದ್ದ ಕಾಲುಗಳನ್ನು ಮಡಚಿ ಕಿಟಕಿಯಿಂದ ಹೊರಬರುವ ದೃಶ್ಯ ನೀವೇ ಊಹಿಸಿ. ಎಲ್ಲ ಸೇರಿ ಒಂದು ವರ್ಷವೂ ಶಾಲೆಗೆ ಹೋಗದ ಲಿಂಕನ್ ಹೊರಗೆ ಬಂದವನೇ, ಅಂತೂ ನಾನೂ ಕಾಲೇಜು ದಾಟಿ ಬಂದ ಹಾಗಾಯಿತು ಅಂದನಂತೆ. ಆ ಮಾತು ಅಂದನೋ ಇಲ್ಲವೋ, ಕಟ್ಟಡ ಅಲ್ಲೇ ಇದೆ.

ಅರಿಝೋನಾದ ಟೂಸಾನ್ ಊರಿನ ಓಲ್ಡ್ ಮೈನ್ ಕೂಡಾ ಚೆಂದ. ಸುತ್ತಲೂ ಜಗಲಿ ಇರುವ ಕಟ್ಟಡ, ನಮ್ಮ ಕಡೆಯವರಿಗೆ ಕಂಡ ಕೂಡಲೇ ಅಲ್ಲೇ ಕಾಲು ಚಾಚಿ ಕೂರೋಣ ಅನಿಸಬೇಕು. ಮರುಭೂಮಿಯ ಸೆಕೆಗೆ ಉಪಾಯ ಅಂತ ಕೆಳಗಿನ ಅಂತಸ್ತನ್ನು ಸುಮಾರು ಆರು ಅಡಿ ನೆಲದೊಳಗೆ ಇಳಿಸಿದ್ದಾರೆ. 1891ರಲ್ಲಿ ಅದರೊಳಗೆ ಕಾಲೇಜು ಶುರುವಾದಾಗ ಇದ್ದದ್ದು 32 ಮಕ್ಕಳು, ಆರು ಮಂದಿ ಅಧ್ಯಾಪಕರು. ಜಾಗ ಕೊಟ್ಟವರು ಯಾರು ಗೊತ್ತಾ? ಇಬ್ಬರು ಜೂಜುಕೋರರು ಮತ್ತು ಒಬ್ಬ ಸಾರಾಯಿ ಅಂಗಡಿಯವ. 40 ಎಕರೆ! ನಮ್ಮಲ್ಲಾದರೆ ಉದ್ಘಾಟನೆಯ ದಿನ ಅವರನ್ನು ಸ್ಟೇಜಿಗೆ ಕರೆಯುವುದೋ ಬೇಡವೋ ಅಂತ ಕಮಿಟಿಯಲ್ಲಿ ಮೂರು ಮೀಟಿಂಗು ಆಗುತ್ತಿತ್ತು.

ಪ್ರಶ್ನೆ: ‘ಓಲ್ಡ್’ ಅಂತ ಹೆಸರಿದ್ದ ಮೇಲೆ ಅದು ನಿಜಕ್ಕೂ ಹಳೆಯದೇ ಆಗಿರುತ್ತದಾ? (ಉಪ್ಪಳದಿಂದ ಒಬ್ಬರು, ಪೋಸ್ಟ್‌ಕಾರ್ಡಿನಲ್ಲಿ)

ಉತ್ತರ: ಏನಿಲ್ಲ. ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಓಲ್ಡ್ ಮೈನ್ ಈಗ ಕಾಣುವುದು 1930ರದ್ದು. ಮೊದಲಿನದ್ದು 1863ರಲ್ಲಿ ಮುಗಿದಿತ್ತು. ಶಿಥಿಲವಾಯಿತು ಅಂತ 1929ರಲ್ಲಿ ಇಳಿಸಿ ಅದೇ ಸುಣ್ಣಕಲ್ಲುಗಳನ್ನು ಉಪಯೋಗಿಸಿ ಮತ್ತೆ ಕಟ್ಟಿದರು. ಕಲ್ಲು ಹಳೆಯದು, ಕಟ್ಟಡ ಹೊಸದು, ಹೆಸರು ಅದೇ. ನಮ್ಮಲ್ಲಿ ಹಳೇ ಮನೆ ಇಳಿಸಿ ಅದರ ಮರವನ್ನೇ ಹೊಸ ಮನೆಯ ಮಾಡಿಗೆ ಹಾಕುವುದಿಲ್ವಾ, ಹಾಗೆ.

ಆ ಕಲ್ಲುಗಳನ್ನು ಮೊದಲ ಸಲ ಎಳೆದದ್ದರಲ್ಲಿ ಕೋಲಿ ಎಂಬ ಒಂದು ಹೇಸರಗತ್ತೆಯ ಪಾಲು ದೊಡ್ಡದು. ಕೆಲಸ ಮುಗಿದ ಮೇಲೂ ಅದನ್ನು ಕಾಲೇಜಿನಲ್ಲೇ ಸಾಕಿದರು, ಸತ್ತ ಮೇಲೆ ಅದರ ಅಸ್ಥಿಪಂಜರವನ್ನು ಕೂಡಾ ಬಿಸಾಡಲಿಲ್ಲ, ಇವತ್ತಿಗೂ ಇಟ್ಟುಕೊಂಡಿದ್ದಾರೆ. ಕಟ್ಟಡ ಕಟ್ಟಿದ ಮೇಸ್ತ್ರಿಗಳ ಹೆಸರು ಯಾರಿಗೂ ನೆನಪಿಲ್ಲ, ಹೇಸರಗತ್ತೆಗೆ ಹೆಸರುಂಟು.

ಬೆಂಕಿಯೂ ಈ ಕಟ್ಟಡಗಳಿಗೆ ದೊಡ್ಡ ಶತ್ರು. ಹೊರಗೆ ಕಲ್ಲು ಇಟ್ಟಿಗೆ, ಒಳಗೆಲ್ಲ ಮರ, ಕೋಣೆ ಕೋಣೆಗೆ ಒಲೆ, ರಾತ್ರಿ ಓದಲು ಎಣ್ಣೆದೀಪ. ಒಂದು ಕಟ್ಟಡ ಹೋದರೆ ಇಡೀ ಕಾಲೇಜೇ ಹೋದ ಹಾಗೆ. ನೋಟ್ರ್ ಡೇಮ್ ಯೂನಿವರ್ಸಿಟಿಯ ಮೈನ್ ಬಿಲ್ಡಿಂಗ್ 1879ರ ಏಪ್ರಿಲ್ 23ರಂದು ಸುಟ್ಟುಹೋಯಿತು. ಅದೇ ಸೆಪ್ಟೆಂಬರಿಗೆ ಹೊಸದು ಎದ್ದು ಪಾಠ ಶುರು. ನಡುವೆ ಸಿಕ್ಕಿದ್ದು ಬರೀ ನಾಲ್ಕು ತಿಂಗಳು ಚಿಲ್ಲರೆ. ನಮ್ಮ ರಸ್ತೆ ಅಗಲ ಮಾಡುವವರಿಗೆ ಈ ಸಾಲು ಓದಿ ಹೇಳಬೇಕು ಅಂತ ನನಗೊಂದು ಆಸೆ.

ಪ್ರಶ್ನೆ: ನಮ್ಮ ಅಜ್ಜ ‘ಸೆಮಿನರಿ’ ಅಂದರೆ ಪಾದ್ರಿಗಳ ಶಾಲೆ ಅನ್ನುತ್ತಿದ್ದರು. ಆದರೆ ಅಮೆರಿಕದ ಕೆಲವು ಹೆಣ್ಣುಮಕ್ಕಳ ಕಾಲೇಜುಗಳ ಹಳೇ ಹೆಸರಿನಲ್ಲೂ ‘ಸೆಮಿನರಿ’ ಇದೆ. ಯಾವುದು ಸರಿ? (ಮುಳ್ಳೇರಿಯದ ನಿವೃತ್ತ ಮೇಷ್ಟ್ರು)

ಉತ್ತರ: ಎರಡೂ ಸರಿ ಮೇಷ್ಟ್ರೇ, ಅಜ್ಜನೂ ಸರಿ. ಮೂಲ ಲ್ಯಾಟಿನ್ ಪದಕ್ಕೆ ಅರ್ಥ ಸಸಿಮಡಿ. ಬೀಜ ಹಾಕಿ ಸಸಿ ಎಬ್ಬಿಸುವ ಪಾತಿ. ಗದ್ದೆಯವರ ಭಾಷೆಯಲ್ಲಿ ನೇಜಿ ಹಾಕುವ ಜಾಗ. ನಾವು ಕಾಸರಗೋಡಿನ ಸಿಪಿಸಿಆರ್‌ಐಗೆ ಹೋಗಿ ತೆಂಗಿನ ಸಸಿ ತರುತ್ತೇವಲ್ಲ, 1916ರಲ್ಲಿ ತೆಂಗು ಸಂಶೋಧನೆಗೆ ಅಂತ ಶುರುವಾದ ಆ ಜಾಗದ ನರ್ಸರಿಗೆ ಹಳೇ ರೋಮಿನವನೊಬ್ಬ ಬಂದರೆ ಇದೇ ಸೆಮಿನರಿ ಅಂದಾನು. ಎಳೆಯ ಪಾದ್ರಿಗಳನ್ನು ಸಸಿಗಳ ಹಾಗೆ ಒಂದೇ ಕಡೆ ಬೆಳೆಸಬೇಕು ಅಂತ ಕಥೋಲಿಕ ಸಭೆಯವರು ಟ್ರೆಂಟ್‌ನ ಮಹಾಸಭೆಯಲ್ಲಿ 1563ರಲ್ಲಿ ತೀರ್ಮಾನಿಸಿದರು, ಆ ಪದ ಅಲ್ಲಿಂದ ಗಟ್ಟಿಯಾಯಿತು. ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫ್ ಸೆಮಿನರಿ 1879ರದ್ದು, ಯೇಸುಸಭೆಯವರು ಮಂಗಳೂರಿಗೆ ಬಂದು ಕಾಲೂರಿದ ಕೂಡಲೇ ಕೈಹಾಕಿದ ಕೆಲಸ. ಕೇರಳದ ಆಲುವಾದಲ್ಲೂ ಸಂತ ಜೋಸೆಫ್ ಹೆಸರಿನ ದೊಡ್ಡ ಸೆಮಿನರಿ ಇದೆ, ಅದು ಇರುವ ಜಾಗದ ಹೆಸರು ಮಂಗಲಪ್ಪುಳ. ಮಂಗಳೂರು, ಮಂಗಲಪ್ಪುಳ, ಎರಡಕ್ಕೂ ಸಂತ ಜೋಸೆಫ್. ಪತ್ರ ಹಾಕುವವರು ಪಿನ್‌ಕೋಡ್ ಬರೆಯಿರಿ, ಅಷ್ಟೇ ಹೇಳುತ್ತೇನೆ.

ಪ್ರೊಟೆಸ್ಟಂಟರ ಸೆಮಿನರಿ ಮಂಗಳೂರಿನ ಬಲ್ಮಠದಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, ನೂರೆಂಟು ಕೆಲಸ ಮಾಡಿದರು. ಅಲ್ಲಿ ಪಾಠ ಹೇಳಿ, ಬೋಧಕರನ್ನು ತಯಾರು ಮಾಡಿದ ಮೋಗ್ಲಿಂಗ್ ಸಾಹೇಬರೇ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದದ್ದು. ಅದು ಕನ್ನಡದ ಮೊದಲ ಪತ್ರಿಕೆ. ಹಾಗೆ ನೋಡಿದರೆ ನಮ್ಮ ಈ ಅಂಕಣ ಕೂಡಾ ಆ ಪಾತಿಯ ಒಂದು ಕಳೆ.

ಇನ್ನು ಹೆಣ್ಣುಮಕ್ಕಳ ಸೆಮಿನರಿ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹುಡುಗಿಯರಿಗೆ ಕಾಲೇಜು ಅಂದರೆ ಜನ ಹುಬ್ಬು ಏರಿಸುತ್ತಿದ್ದರು. ಹಾಗಾಗಿ ಸ್ವಲ್ಪ ತಗ್ಗಿದ ಹೆಸರು, ‘ಫೀಮೇಲ್ ಸೆಮಿನರಿ’. ಮೇರಿ ಲಯಾನ್ ಎಂಬ ಹೆಂಗಸು 1837ರಲ್ಲಿ ಮೌಂಟ್ ಹೋಲ್ಯೋಕ್‌ನಲ್ಲಿ ತೆರೆದದ್ದು ಈ ಹೆಸರಿನಲ್ಲೇ. ಅಲ್ಲಿ ಪಾದ್ರಿ ತಯಾರಿ ಇರಲಿಲ್ಲ, ಗಣಿತ ವಿಜ್ಞಾನ ಎಲ್ಲ ಇತ್ತು. 1893ರಲ್ಲಿ ಅದು ಬರೀ ಕಾಲೇಜು ಎಂದು ಹೆಸರು ಬದಲಿಸಿಕೊಂಡಿತು.

ಪ್ರಶ್ನೆ: ಬೇರೆ ಬೇರೆ ಊರಲ್ಲಿ ಒಂದೇ ಹೆಸರು ಇದ್ದರೆ ಹೋಗಲಿ. ಒಂದೇ ಊರಲ್ಲಿ ಎರಡು ಕಟ್ಟಡಕ್ಕೆ ಒಂದೇ ಹೆಸರು ಇದ್ದರೆ? (ಮಂಜೇಶ್ವರ)

ಉತ್ತರ: ಇದೆ! ಪ್ರಿನ್ಸ್‌ಟನ್ ಊರಿನಲ್ಲಿ ಎರಡು ಅಲೆಕ್ಸಾಂಡರ್ ಹಾಲ್. ಒಂದು ಯೂನಿವರ್ಸಿಟಿಯದ್ದು, 1894ರದ್ದು, ದುಡ್ಡು ಕೊಟ್ಟ ದಾನಿಯ ಹೆಸರು, ಈಗ ಸಂಗೀತ ಕಛೇರಿ ನಡೆಯುವ ಜಾಗ. ಇನ್ನೊಂದು ಥಿಯಲಾಜಿಕಲ್ ಸೆಮಿನರಿಯದ್ದು, 1817ರದ್ದು, ಅಲ್ಲಿಯ ಮೊದಲ ಪ್ರೊಫೆಸರ್ ಆರ್ಚಿಬಾಲ್ಡ್ ಅಲೆಕ್ಸಾಂಡರರ ಹೆಸರು. ಯೂನಿವರ್ಸಿಟಿಯೂ ಸೆಮಿನರಿಯೂ ಬೇರೆ ಬೇರೆ ಸಂಸ್ಥೆ. ಊರು ಒಂದೇ ಆದ್ದರಿಂದ ಅವೆರಡೂ ಒಂದೇ ಅಂತ ಎಷ್ಟೋ ಜನ ತಿಳಿದಿರುತ್ತಾರೆ, ಅದರ ಮೇಲೆ ಕಟ್ಟಡದ ಹೆಸರೂ ಒಂದೇ. ಇನ್ನು ಕೇಳಬೇಕಾ.

ಗೆಟಿಸ್‌ಬರ್ಗ್‌ನದ್ದು ಇನ್ನೂ ಗಟ್ಟಿ ಉದಾಹರಣೆ. ಆ ಸಣ್ಣ ಊರಿನಲ್ಲಿ ಲೂಥರನ್ ಸೆಮಿನರಿಯ 1832ರ ಕಟ್ಟಡಕ್ಕೂ ‘ಓಲ್ಡ್ ಡಾರ್ಮ್’ ಅನ್ನುತ್ತಾರೆ, ಕಾಲೇಜಿನ 1837ರ ಕಟ್ಟಡಕ್ಕೂ ‘ಓಲ್ಡ್ ಡಾರ್ಮ್’ ಅನ್ನುತ್ತಾರೆ. ಡಾರ್ಮ್ ಅಂದರೆ ಹಾಸ್ಟೆಲ್. ದಾಖಲೆಯಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ, ಸೆಮಿನರಿಯದ್ದು ಶ್ಮುಕರ್ ಹಾಲ್, ಕಾಲೇಜಿನದ್ದು ಪೆನ್ಸಿಲ್ವೇನಿಯಾ ಹಾಲ್. 1863ರ ಜುಲೈ 1ರಂದು ಅಲ್ಲಿ ಅಂತರ್ಯುದ್ಧದ ಕಾಳಗ ಶುರುವಾದಾಗ ಉತ್ತರದ ಪಡೆಯ ಜನರಲ್ ಬುಫರ್ಡ್ ಸೆಮಿನರಿ ಕಟ್ಟಡದ ಮೇಲಿನ ಗುಮ್ಮಟ ಹತ್ತಿ ಶತ್ರು ಸೈನ್ಯ ಬರುವುದನ್ನು ನೋಡಿದ. ಮೂರು ದಿನದ ಆ ಯುದ್ಧದಲ್ಲಿ ಎರಡು ಕಟ್ಟಡವೂ ಆಸ್ಪತ್ರೆಯಾದವು. ವ್ಯಾಕರಣ ಬಾಯಿಪಾಠ ಮಾಡುತ್ತಿದ್ದ ಕೋಣೆಗಳಲ್ಲಿ ಸೈನಿಕರ ಕೈಕಾಲು ಕತ್ತರಿಸಿದರು. ಸೆಮಿನರಿಯ ಓಲ್ಡ್ ಡಾರ್ಮ್ ಈಗ ಮ್ಯೂಸಿಯಂ, ಸರಿಯಾಗಿ 150 ವರ್ಷದ ನಂತರ 2013ರ ಜುಲೈ 1ರಂದು ತೆರೆದರು.

ಒಂದೇ ಹೆಸರಿನಿಂದ ನನಗೇ ಆದ ಪೆಟ್ಟು ಹೇಳದಿದ್ದರೆ ಈ ಉತ್ತರ ಮುಗಿಯುವುದಿಲ್ಲ. ಕಾಞಂಗಾಡಿನ ಪಕ್ಕದ ಹೊಸದುರ್ಗದಲ್ಲಿರುವ ಭಾವನಿಗೆ ಅಂತ ಒಂದು ಡಬ್ಬಿ ಸೆಂಡಿಗೆ, ಹಪ್ಪಳ, ಎರಡು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ ಪಾರ್ಸೆಲ್ ಮಾಡಿ ಕಳಿಸಿದೆ. ಕೌಂಟರಿನಲ್ಲಿದ್ದ ಹುಡುಗ ‘ಹೊಸದುರ್ಗ’ ಅಂತ ಟೈಪ್ ಮಾಡಿದ, ಪರದೆಯಲ್ಲಿ ಮೊದಲು ಬಂದ ಊರನ್ನು ಒತ್ತಿದ. ಪಾರ್ಸೆಲ್ ಸೀದಾ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗಕ್ಕೆ! ನಮ್ಮದು 671ರಿಂದ ಶುರುವಾಗುವ ಪಿನ್, ಅವರದ್ದು 577ರಿಂದ. ಹದಿನಾಲ್ಕನೇ ದಿನ ಡಬ್ಬಿ ವಾಪಸ್ ಬಂತು. ಒಂದು ಬಾಟಲಿ ಒಡೆದು ಹಪ್ಪಳಕ್ಕೆಲ್ಲ ಉಪ್ಪಿನಕಾಯಿ ರಸ ಹತ್ತಿತ್ತು. ಭಾವ ಫೋನಿನಲ್ಲಿ ‘ಇರಲಿ ಮಾರಾಯ, ಆ ಊರಿನವರಿಗಾದರೂ ಕೊಟ್ಟುಬಿಡಬೇಕಿತ್ತು’ ಅಂದ. ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕಿದರೆ ಯಾವ ಹೊಸದುರ್ಗ ಅಂತ ಕೇಳುತ್ತಾನೆ.

ಪ್ರಶ್ನೆ: ‘ಹಳೇ’ ಅನ್ನುವುದು ಆಮೇಲೆ ಬರುವ ಹೆಸರು ಅಂತಾದರೆ ‘ಹೊಸ’ ಅಂತ ಇಟ್ಟ ಹೆಸರು ಯಾವಾಗ ಹೋಗುತ್ತದೆ? (ಕಾಸರಗೋಡು ವಿದ್ಯಾನಗರ)

ಉತ್ತರ: ಹೋಗುವುದೇ ಇಲ್ಲ! ಮೇಲೆ ಹೇಳಿದ ಎರಡು ಹೊಸದುರ್ಗಗಳಲ್ಲಿ ಯಾವ ಕೋಟೆ ಹೊಸತು ಹೇಳಿ? ಮಂಜೇಶ್ವರದ ಹೊಸಂಗಡಿಯಲ್ಲಿ ಯಾವ ಅಂಗಡಿ ಹೊಸತು? ನಮ್ಮ ಕಡೆ ‘ಹೊಸಮನೆ’ ಅಂತ ಹೆಸರಿರುವ ಮನೆಗಳನ್ನು ನೋಡಿ, ಮಾಡು ಬಗ್ಗಿ ಕಂಬಕ್ಕೆ ಊರುಗೋಲು ಕೊಟ್ಟಿರುತ್ತಾರೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನ್ಯೂ ಕಾಲೇಜು ಅಂತ ಒಂದಿದೆ. ಶುರುವಾದದ್ದು 1379ರಲ್ಲಿ. ಅಂದರೆ ಇಲ್ಲಿ ವಿಜಯನಗರದವರು ಆಳುತ್ತಿದ್ದ ಕಾಲ. ಅದರ ನಿಜವಾದ ಹೆಸರು ಸಂತ ಮೇರಿಯದ್ದು. ಆದರೆ ಅಷ್ಟರಲ್ಲೇ ಅದೇ ಊರಿನಲ್ಲಿ ಸಂತ ಮೇರಿಯ ಹೆಸರಿನ ಇನ್ನೊಂದು ಕಾಲೇಜು, ಈಗಿನ ಓರಿಯಲ್, ಇತ್ತು. ಗೊಂದಲ ಬೇಡ ಅಂತ ಜನ ಇದಕ್ಕೆ ಹೊಸ ಕಾಲೇಜು ಅಂದರು. ಆರು ನೂರು ವರ್ಷ ದಾಟಿದರೂ ಹೊಸತೇ. ಚೆನ್ನೈಯಲ್ಲೂ ನ್ಯೂ ಕಾಲೇಜ್ ಇದೆ, 1951ರದ್ದು, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.

ಎಡಿನ್‌ಬರಾದಲ್ಲಿ ಮಾತ್ರ ಹಳೇದೂ ಹೊಸದೂ ಎರಡೂ ಇದೆ, ಈಗ ಎರಡೂ ಒಂದೇ ಯೂನಿವರ್ಸಿಟಿಯದ್ದು. ಓಲ್ಡ್ ಕಾಲೇಜಿನ ಕಟ್ಟಡ 1789ರಲ್ಲಿ ಶುರುವಾದದ್ದು. ನ್ಯೂ ಕಾಲೇಜು ದೇವಶಾಸ್ತ್ರದ ಶಾಲೆ. ಅದು ಹುಟ್ಟಿದ್ದೇ ಜಗಳದಿಂದ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆಯಿತು, ಹೊರಗೆ ಬಂದವರು ನಮಗೂ ಒಂದು ಕಾಲೇಜು ಬೇಕು ಅಂತ ಕಟ್ಟಿಸಿಕೊಂಡರು. ಅಣ್ಣತಮ್ಮಂದಿರು ಪಾಲಾದ ಮೇಲೆ ತಮ್ಮ ಗುಡ್ಡದ ಬದಿಯಲ್ಲಿ ಹೊಸಮನೆ ಎಬ್ಬಿಸುವುದಿಲ್ವಾ, ಥೇಟ್ ಹಾಗೇ.

ಪ್ರಶ್ನೆ: ನಮ್ಮ ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜು ಹೈಯರ್ ಸೆಕೆಂಡರಿ ಶಾಲೆಯ ಹೆಸರು ಹೊರಗಿನವರಿಗೆ ಹೇಳಿದರೆ ‘ಕಾಲೇಜಾ, ಶಾಲೆಯಾ, ಒಂದು ಹೇಳಿ’ ಅಂತ ನಗುತ್ತಾರೆ. (ನೀರ್ಚಾಲು)

ಉತ್ತರ: ನಗಲಿ ಬಿಡಿ. ಮೊದಲು ಸಂಸ್ಕೃತ ಕಾಲೇಜು, ಆಮೇಲೆ ಶಾಲೆ, ಹೆಸರಿನಲ್ಲಿ ಎರಡೂ ಉಳಿಯಿತು. ನೂರು ವರ್ಷ ದಾಟಿದ ಸಂಸ್ಥೆಯ ಚರಿತ್ರೆ ಬೋರ್ಡಿನಲ್ಲೇ ಓದಬಹುದು. ಮುಂದಿನ ಸಲ ನಗುವವರಿಗೆ ಇದನ್ನು ಹೇಳಿ. ಮೇಲೆ ಬಂದ ಹೇಸರಗತ್ತೆಯ ಯೂನಿವರ್ಸಿಟಿ 1855ರಲ್ಲಿ ಶುರುವಾದಾಗ ಅದರ ಹೆಸರು ‘ಫಾರ್ಮರ್ಸ್ ಹೈಸ್ಕೂಲ್’. ಕಾಲೇಜು ಅಂದರೆ ಮಕ್ಕಳು ಗದ್ದೆ ಬಿಟ್ಟು ಸೋಮಾರಿಗಳಾಗುತ್ತಾರೆ ಅಂತ ರೈತರು ಹೆದರಿಯಾರು ಎಂದು ಶಾಲೆ ಅಂತ ಇಟ್ಟದ್ದಂತೆ. ಅಲ್ಲಿ ಕಾಲೇಜಿಗೆ ಶಾಲೆ ಅಂದರು, ಇಲ್ಲಿ ಶಾಲೆಗೆ ಕಾಲೇಜು ಅನ್ನುತ್ತೇವೆ.

ಪ್ರಶ್ನೆ: ನಾನು ಕಲಿತದ್ದು ಕಾಸರಗೋಡಿನ ಬಿ.ಇ.ಎಂ. ಹೈಸ್ಕೂಲಿನಲ್ಲಿ. ತಲಶ್ಶೇರಿಯಿಂದ ಬಂದ ಸೊಸೆ ತಾನೂ ಬಿ.ಇ.ಎಂ. ಅನ್ನುತ್ತಾಳೆ, ಅವರದ್ದರಲ್ಲಿ ಒಂದು ‘ಪಿ’ ಜಾಸ್ತಿ ಇದೆಯಂತೆ. ಯಾರದ್ದು ಅಸಲಿ? (ಕಾಸರಗೋಡು ಪೇಟೆ)

ಉತ್ತರ: ಸೊಸೆಯ ಹತ್ತಿರ ಸೋತುಬಿಡುವುದು ಒಳ್ಳೆಯದು, ಆದರೆ ಇಲ್ಲಿ ಸೋಲುವ ಪ್ರಶ್ನೆ ಇಲ್ಲ. ಬಿ.ಇ.ಎಂ. ಅಂದರೆ ಬಾಸೆಲ್ ಇವಾಂಜೆಲಿಕಲ್ ಮಿಷನ್. ಮಂಗಳೂರಿನಿಂದ ಪಾಲಕ್ಕಾಡ್ ತನಕ ಅವರು ಎಲ್ಲೆಲ್ಲಿ ಶಾಲೆ ತೆರೆದರೋ ಅಲ್ಲೆಲ್ಲ ಈ ಮೂರು ಅಕ್ಷರ ಉಳಿಯಿತು. ತಲಶ್ಶೇರಿಯ ಜಾಸ್ತಿ ‘ಪಿ’ ಪಾರ್ಸಿಯದ್ದು, ಆ ಶಾಲೆಗೆ ಒಬ್ಬ ಪಾರ್ಸಿ ದಾನಿಯ ದುಡ್ಡು ಬಂದಿತ್ತು. ಸ್ವಿಟ್ಜರ್ಲೆಂಡಿನ ಊರು, ಇರಾನಿನಿಂದ ಬಂದವರ ಹೆಸರು, ಮಲಬಾರಿನ ಮಕ್ಕಳು, ಎಲ್ಲ ನಾಲ್ಕು ಅಕ್ಷರದೊಳಗೆ. ನಿಮ್ಮದು ಮೂರು. ಅಷ್ಟೇ ವ್ಯತ್ಯಾಸ.

ಪ್ರಶ್ನೆ: ನಮ್ಮ ಶಾಲೆಯ ಹಳೇ ಹೆಂಚಿನ ಕಟ್ಟಡ ಈ ಬೇಸಿಗೆಯಲ್ಲಿ ಇಳಿಸುತ್ತಾರೆ, ಅಲ್ಲೇ ಮೂರು ಅಂತಸ್ತಿನದ್ದು ಬರುತ್ತದೆ. ಹೊಸ ಕಟ್ಟಡಕ್ಕೆ ಒಳ್ಳೆಯ ಹೆಸರು ಸೂಚಿಸಿ. ಪಿ.ಟಿ.ಎ. ಮೀಟಿಂಗಿನಲ್ಲಿ ಇದೇ ಗಲಾಟೆ. (ಪೈವಳಿಕೆಯ ಹತ್ತಿರದ ಒಬ್ಬ ಅಧ್ಯಾಪಕಿ)

ಉತ್ತರ: ಟೀಚರೇ, ನೀವು ಏನು ಹೆಸರಿಟ್ಟರೂ ಮಕ್ಕಳು ಅದಕ್ಕೆ ಹೊಸ ಬಿಲ್ಡಿಂಗ್ ಅಂತಲೇ ಹೇಳುತ್ತಾರೆ. ಅದರ ಎದುರು ಇನ್ನೊಂದು ಬಂದ ದಿನ ಹಳೇ ಬಿಲ್ಡಿಂಗ್ ಅನ್ನುತ್ತಾರೆ. ಅಮೃತಶಿಲೆಯ ಫಲಕಕ್ಕೆ ಇಟ್ಟ ದುಡ್ಡಿನಲ್ಲಿ ಎರಡು ಫ್ಯಾನ್ ಹಾಕಿಸಿ. ಪಿ.ಟಿ.ಎ.ಯವರು ಬಯ್ದರೆ ನನ್ನ ಹೆಸರು ಹೇಳಿ, ನಾನು ಆ ಕಡೆ ಬರುವುದು ಕಮ್ಮಿ.

ಗಲಾಟೆ ಮಾಡಬೇಕಾದ್ದು ಇಳಿಸುವ ಕಟ್ಟಡದ ಬಗ್ಗೆ. ಕೆಲಸದವರು ಬರುವ ಮೊದಲು ಒಂದು ಶನಿವಾರ ಮಕ್ಕಳನ್ನು ಟೇಪು ಕೊಟ್ಟು ಬಿಡಿ. ಕೋಣೆಯ ಉದ್ದ ಅಗಲ, ಮುರಕಲ್ಲಿನ ಗೋಡೆಯ ದಪ್ಪ, ಕಿಟಕಿಗೆ ಎಷ್ಟು ಸರಳು, ಜಗಲಿಯ ಮೆಟ್ಟಿಲು ಎಷ್ಟು, ಎಲ್ಲ ಬರೆಸಿ. ಬೋರ್ಡಿನ ಪಕ್ಕ ಗೋಡೆಯಲ್ಲಿ ಕೊರೆದ ಹೆಸರುಗಳಿದ್ದರೆ ಅದರದ್ದೂ ಫೋಟೋ ತೆಗೆಯಿರಿ, ನಾಚಿಕೆ ಬೇಡ, ಆರ್ಕನ್ಸಾದ ಓಲ್ಡ್ ಮೈನ್ ಎದುರಿನಿಂದ ಶುರುವಾಗುವ ಕಾಲುದಾರಿಯಲ್ಲಿ ಪಾಸಾದ ಮಕ್ಕಳ ಹೆಸರನ್ನೆಲ್ಲ ಯೂನಿವರ್ಸಿಟಿಯವರೇ ಕೊರೆಸಿದ್ದಾರೆ.

ಮತ್ತೆ ಹೆಂಚು. ನಾಲ್ಕೈದು ಹೆಂಚು ಇಳಿಸಿ ಅಡಿಮೇಲು ಮಾಡಿ ನೋಡಿ. ಪಾಚಿ, ಜೇಡರ ಬಲೆ ಎಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುವುದು ಕಾಣುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕೆಲಸ ಶುರು ಮಾಡಿದ್ದು 1865ರಲ್ಲಿ. ಮೊದಲನೇ ಮಹಾಯುದ್ಧದ ಸಮಯ ಅವರ ಕಾರ್ಖಾನೆಗಳು ಬ್ರಿಟಿಷ್ ಸರಕಾರದ ಕೈಗೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಗೆ ಬಂದವು. ಹಾಗಾಗಿ ಬಾಸೆಲ್ ಮಿಷನ್ ಅಂತಿದ್ದರೆ ಹೆಂಚು ಆ ಯುದ್ಧ ಮುಗಿಯುವುದಕ್ಕಿಂತ ಮೊದಲಿನದ್ದು, ಕಾಮನ್‌ವೆಲ್ತ್ ಅಂತಿದ್ದರೆ ನಂತರದ್ದು. ಒಡೆದ ಹೆಂಚು ಆಗಾಗ ಬದಲಿಸಿರುತ್ತಾರೆ, ಆದ್ದರಿಂದ ಒಂದನ್ನು ನೋಡಿ ಕಟ್ಟಡದ ವಯಸ್ಸು ಹೇಳಬೇಡಿ, ಮೇಲಿನ ಸಾಲಿನದ್ದು, ಮಧ್ಯದ್ದು, ಅಂಚಿನದ್ದು ಎಲ್ಲ ನೋಡಿ. ಒಂದು ಒಳ್ಳೆಯ ಹೆಂಚು ಆಫೀಸಿನ ಕಪಾಟಿನಲ್ಲಿ ಎತ್ತಿಡಿ. ಉಳಿದದ್ದನ್ನು ಕಂಟ್ರಾಕ್ಟರ್ ಮಾರುವ ಮೊದಲು ಎಣಿಸಿಕೊಳ್ಳಿ, ಹಳೇ ಹೆಂಚಿಗೆ ಈಗ ಹೋಂಸ್ಟೇಯವರು ಒಳ್ಳೆ ರೇಟು ಕೊಡುತ್ತಾರೆ.